ಐದು ಪಟ್ಟು ಬೆಟ್ಟ

ಎಲ್ಲಕ್ಕೂ ಮೂಲ ಒಂದು ಟೀ ಲೋಟ. ಭೂವಿಜ್ಞಾನ ಕಚೇರಿಯ ನಕ್ಷೆಗಾರ ಕೋಟೆಗುಡ್ಡವನ್ನು ಅಡ್ಡಕ್ಕೆ ಸೀಳಿದರೆ ಹೇಗೆ ಕಾಣುತ್ತದೆಂಬ ಚಿತ್ರವನ್ನು ಬರೆದು ಮುಗಿಸಿ, ಮೈ ಮುರಿದು, ಲೋಟವನ್ನು ಹಾಳೆಯ ಅಂಚಿನ ಮೇಲೆಯೇ ಇಟ್ಟ. ಎತ್ತಿದಾಗ ಅಲ್ಲೊಂದು ದುಂಡನೆಯ ಕಲೆ. ಯಾರೂ ನೋಡುವ ಮೊದಲೇ ಕತ್ತರಿ ತೆಗೆದು ಅಂಚನ್ನು ನೀಟಾಗಿ ಕತ್ತರಿಸಿಬಿಟ್ಟ. ಕಲೆ ಹೋಯಿತು. ಅದರ ಜೊತೆಗೆ ಸಣ್ಣಕ್ಷರದ ಒಂದು ಸಾಲೂ ಹೋಯಿತು: ‘ಎತ್ತರವನ್ನು ಐದು ಪಟ್ಟು ಹಿಗ್ಗಿಸಿದೆ.’

ಹಿಗ್ಗಿಸುವುದು ಮೋಸವೇನಲ್ಲ. ಮೈಲುಗಟ್ಟಲೆ ನೆಲವನ್ನು ಒಂದು ಹಾಳೆಗೆ ಇಳಿಸಿದರೆ ಗುಡ್ಡಗಳು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಲಗಿಬಿಡುತ್ತವೆ. ಕಲ್ಲಿನ ಪದರಗಳು ಕಾಣಲೆಂದು ಎತ್ತರವನ್ನಷ್ಟೇ ಎಳೆದು ಬರೆಯುವುದು, ಎಳೆದಿದ್ದೇವೆಂದು ಕೆಳಗೆ ಒಪ್ಪಿಕೊಳ್ಳುವುದು, ಎರಡೂ ಆ ಕಸುಬಿನ ಪದ್ಧತಿ. ಈಗ ಒಪ್ಪಿಗೆ ಮಾತ್ರ ಕಸದ ಬುಟ್ಟಿ ಸೇರಿತ್ತು. ಗುಡ್ಡದ ಹಿಂಬದಿಯ ಸಾಧು ಇಳಿಜಾರು ಎದೆ ಝಲ್ಲೆನಿಸುವ ಪ್ರಪಾತವಾಗಿ ಅಚ್ಚಿಗೆ ಹೋಯಿತು.

ನಕ್ಷೆಗಾರನನ್ನು ಕಚೇರಿಯಲ್ಲಿ ಪೆನ್ಸಿಲಪ್ಪ ಅನ್ನುತ್ತಿದ್ದರು. ಕಿವಿಯ ಮೇಲೆ ಸದಾ ಪೆನ್ಸಿಲ್ಲು, ಮೈಕಟ್ಟೂ ಅಷ್ಟೇ. ಬೇರೆಯವರು ಅಳೆದು ತಂದ ಅಂಕಿಗಳಿಂದ ಕುರ್ಚಿಯಲ್ಲಿ ಕೂತೇ ಬೆಟ್ಟ ಕಟ್ಟುವುದು ಅವನ ಕೆಲಸ. ಖುದ್ದಾಗಿ ಹತ್ತುವುದೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಮನೆಯ ಅಟ್ಟದಿಂದ ಡಬ್ಬ ಇಳಿಸುವಾಗ ಸ್ಟೂಲಿನ ಜೊತೆಗೆ ಅವನ ಕಾಲನ್ನೂ ಹೆಂಡತಿ ಹಿಡಿದುಕೊಳ್ಳಬೇಕು. “ಹೆಂಡ್ತಿ ಕೈಲಿ ದಿನಾ ಕಾಲು ಹಿಡಿಸ್ಕೊಳ್ಳೋ ಗಂಡು ನಾನೊಬ್ನೇ ಕಣ್ರಯ್ಯ” ಎಂದು ತನ್ನನ್ನು ತಾನೇ ಆಡಿಕೊಂಡು, ಬೇರೆಯವರು ಆಡಿಕೊಳ್ಳಲು ಏನೂ ಉಳಿಸುತ್ತಿರಲಿಲ್ಲ.

ಚಿತ್ರ ಅಚ್ಚಾದ ಮರುವಾರ ಗುಡ್ಡದ ಕೋಟೆಯ ಬಾಗಿಲಲ್ಲಿ ಕಚೇರಿಯ ನಕ್ಷೆಗಳ ಪ್ರದರ್ಶನ. ಒಂಬತ್ತು ವರ್ಷದಿಂದ ಖಾಲಿ ಬಿದ್ದಿದ್ದ ಮುಖ್ಯ ನಕ್ಷೆಗಾರನ ಹುದ್ದೆಗೆ ಯಾರೆಂದು ನಿರ್ದೇಶಕರು ಅಂದೇ ತೀರ್ಮಾನಿಸುವವರಿದ್ದರು. ಹೆಂಡತಿ ಬೀದಿಗೆಲ್ಲ ಆಗಲೇ ಸುದ್ದಿ ಹಂಚಿಯಾಗಿತ್ತು.

“ಕೆಲಸ ಸಿಕ್ರೆ ಮುಂಬಾಗಿಲಿಂದ ಬನ್ನಿ. ಇಲ್ದಿದ್ರೆ ಹಿತ್ಲಿಂದ ಬನ್ನಿ” ಎಂದು ಹೇಳಿ ಕಳಿಸಿದ್ದಳು.

ಪ್ರದರ್ಶನದ ಬಾಗಿಲಲ್ಲೇ ಪೆನ್ಸಿಲಪ್ಪ ನಿಂತುಬಿಟ್ಟ. ಎದುರಿನ ಗೋಡೆಯಲ್ಲಿ ಆಳೆತ್ತರಕ್ಕೆ ಅವನ ಚಿತ್ರ. ಕೆಳಗಿನ ಸಾಲು ಎಲ್ಲೂ ಇಲ್ಲ. ಲೋಟ, ಕಲೆ, ಕತ್ತರಿ ಎಲ್ಲ ಒಟ್ಟಿಗೆ ನೆನಪಾದವು. ಪಕ್ಕದಲ್ಲಿದ್ದ ಟೈಪಿಸ್ಟಮ್ಮನಿಗೆ ಗುಟ್ಟು ಹೇಳಿದ.

“ಬಾಯಿ ಬಿಟ್ಟೀರಿ! ಗುಡ್ಡದ ಹಿಂದಕ್ಕೆ ಹೋಗಿ ನೋಡೋರು ಯಾರಿದ್ದಾರೆ?” ಎಂದಳು ಟೈಪಿಸ್ಟಮ್ಮ.

ನೋಡುವವರು ಜೀಪಿನಲ್ಲಿ ಬಂದಿಳಿದರು. ಮುಖ್ಯ ಅತಿಥಿ ನಿವೃತ್ತ ಕರ್ನಲ್. ಬಂಡೆ ಹತ್ತುವುದನ್ನು ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದವರು, ಕೋಟೆಗಳ ಹುಚ್ಚಿನವರು. ಆಮಂತ್ರಣದಲ್ಲೂ ಅಚ್ಚಾಗಿದ್ದ ಅದೇ ಚಿತ್ರ ನೋಡಿ, ಆರು ಜನ ಗಟ್ಟಿಮುಟ್ಟಾದ ಶಿಷ್ಯರನ್ನೂ ಸುರುಳಿಗಟ್ಟಲೆ ಹಗ್ಗವನ್ನೂ ಜೊತೆಗೇ ತಂದಿದ್ದರು.

“ನೋಡ್ರಯ್ಯ, ಇದು ಕೋಟೆ ಅಂದ್ರೆ! ಬೇರೆ ಕಡೆ ಗುಡ್ಡದ ಮೈ ಕೆತ್ತಿ ಕೆತ್ತಿ ಶತ್ರು ಹತ್ತದ ಹಾಗೆ ನೆಟ್ಟಗೆ ನಿಲ್ಲಿಸ್ತಿದ್ರು. ಇಲ್ಲಿ ಭೂಮಿತಾಯೇ ಮಾಡಿಕೊಟ್ಟಿದ್ದಾಳೆ. ಹತ್ತಲೇಬೇಕು ಇದನ್ನ” ಎಂದರು ಕರ್ನಲ್.

“ಅಲ್ಲಿ ಹೆಜ್ಜೇನು ಕಟ್ಟಿದೆ ಸಾರ್” ಎಂದ ಪೆನ್ಸಿಲಪ್ಪ.

“ಬಲೆ ತಂದಿದ್ದೀವಿ.”

“ಕಲ್ಲು ಸಡಿಲ ಇದೆ. ತಲೆ ಮೇಲೇ ಬೀಳುತ್ತೆ.”

“ಹೆಲ್ಮೆಟ್ ಇದೆ. ಅಷ್ಟು ಚೆನ್ನಾಗಿ ಗೊತ್ತಾ ನಿಮಗೆ ಆ ಜಾಗ?”

“ಗೊತ್ತಿಲ್ಲದೆ ಏನು? ಬರೆದಿದ್ದೇ ಇವರು!” ಎಂದು ನಿರ್ದೇಶಕರು ಹೆಮ್ಮೆಯಿಂದ ಪೆನ್ಸಿಲಪ್ಪನನ್ನು ಮುಂದಕ್ಕೆ ತಳ್ಳಿದರು.

ಕರ್ನಲ್ ಕಣ್ಣರಳಿಸಿದರು. “ಹಾಗಾದ್ರೆ ಮೊದಲು ನೀವೇ ಹತ್ತಬೇಕು. ನಿಮ್ಮ ಹಿಂದೆ ನಾವು.”

ಸುಳ್ಳು ಹೇಳಿದಷ್ಟೂ ಪ್ರಪಾತ ಎತ್ತರವಾಗುತ್ತ ಹೋಗುವುದನ್ನು ಕಂಡು ಪೆನ್ಸಿಲಪ್ಪ ಸುಮ್ಮನಾದ. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂದುಕೊಂಡು ಅವನ ಸೊಂಟಕ್ಕೆ ಹಗ್ಗ ಬಿಗಿದರು, ತಲೆಗೆ ಹೆಲ್ಮೆಟ್ ಇಟ್ಟರು. ಭಯಕ್ಕೆ ಅವನು ಕಂಬದ ಹಾಗೆ ನಿಂತಿದ್ದ. “ಎಂಥ ಸ್ಥಿರತೆ ನೋಡಿ!” ಎಂದು ಕರ್ನಲ್ ಶಿಷ್ಯರಿಗೆ ತೋರಿಸಿದರು.

ನಿರ್ದೇಶಕರು, ಟೈಪಿಸ್ಟಮ್ಮ ಸಮೇತ ಎಲ್ಲರನ್ನೂ ತುಂಬಿಕೊಂಡ ಜೀಪು ಗುಡ್ಡ ಸುತ್ತಿ ಹಿಂಬದಿಗೆ ಬಂತು. ಎದುರಿಗೆ ಹಸಿರು ಹುಲ್ಲಿನ ಇಳಿಜಾರು. ಅದರ ಮೇಲಿಂದ ಹಾಲಿನಮ್ಮ ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ನಿಧಾನವಾಗಿ ಇಳಿದು ಬರುತ್ತಿದ್ದಳು. ಕ್ಯಾನಿಗೆ ಮುಚ್ಚಳ ಕೂಡ ಇರಲಿಲ್ಲ. ಪೆನ್ಸಿಲಪ್ಪನ ಮನೆಗೆ ಹಾಲು ಹಾಕುವವಳೂ ಅವಳೇ.

“ಅಯ್ಯೋ ಅಣ್ಣ, ಸೊಂಟಕ್ಕೆ ಹಗ್ಗ ಹಾಕಿ ಎಳ್ಕೊಂಡು ಬಂದಿದ್ದಾರಲ್ಲ! ಏನು ಮಾಡ್ಕೊಂಡ್ರಿ? ಅಕ್ಕನಿಗೆ ಹೇಳ್ಲಾ?”

ಕರ್ನಲ್ ಇಳಿಜಾರು ನೋಡಿದರು. ಆಮಂತ್ರಣ ನೋಡಿದರು. ಹಸುವನ್ನು ನೋಡಿದರು. “ಎಲ್ಲಿ ಪ್ರಪಾತ?”

“ಮಳೆಗೆ ಸವೆದುಹೋಯ್ತು ಅನ್ನಿ” ಎಂದು ಟೈಪಿಸ್ಟಮ್ಮ ಪಿಸುಗುಟ್ಟಿದಳು.

“ಹೋದ ವಾರದಿಂದ ಈ ವಾರಕ್ಕಾ?” ಎಂದು ಪೆನ್ಸಿಲಪ್ಪ ಅವಳನ್ನೇ ಕೇಳಿ, ಕರ್ನಲರ ಕಡೆ ತಿರುಗಿದ. ಇನ್ನು ಮುಚ್ಚಿಡಲು ಅವನ ಕೈಲಾಗಲಿಲ್ಲ. “ಪ್ರಪಾತ ನನ್ನ ಹಾಳೆ ಮೇಲೆ ಮಾತ್ರ ಇದೆ ಸಾರ್. ಐದು ಪಟ್ಟು ಎಳೆದಿದ್ದೆ. ಎಳೆದಿದ್ದೀನಿ ಅಂತ ಬರೆದಿದ್ದೂ ನಿಜ. ಅದರ ಮೇಲೆ ಟೀ ಲೋಟ ಇಟ್ಟೆ, ಆಮೇಲೆ ಕತ್ತರಿ ಆಡಿಸ್ದೆ. ಇನ್ನು ಹತ್ತೋ ವಿಷಯ. ಸಾರ್, ನಾನು ಸ್ಟೂಲು ಹತ್ಬೇಕಾದ್ರೂ ಹೆಂಡ್ತಿ ಕಾಲು ಹಿಡ್ಕೋಬೇಕು.”

ನಿರ್ದೇಶಕರ ಮುಖ ಕೆಂಡವಾಯಿತು. ಕರ್ನಲ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದರು.

“ಇಪ್ಪತ್ತು ವರ್ಷದಿಂದ ಒಂದು ಪ್ರಶ್ನೆ ನನ್ನ ತಲೆ ತಿಂತಿತ್ತು! ಹಿಂದೆ ಇಲ್ಲಿ ಮುತ್ತಿಗೆ ಹಾಕಿದೋರು ಆರು ತಿಂಗಳು ಮುಂಬಾಗಿಲಿಗೇ ತಲೆ ಚಚ್ಕೊಂಡ್ರು, ಗುಡ್ಡದ ಹಿಂದಕ್ಕೆ ಬರ್ಲೇ ಇಲ್ಲ. ಈಗ ಗೊತ್ತಾಯ್ತು. ಅವರ ಹತ್ರಾನೂ ನಿಮ್ಮಂಥ ನಕ್ಷೆಗಾರ ಇದ್ದ!”

“ಅವನಿಗೆ ಏನು ಮಾಡಿದ್ರು ಸಾರ್?”

“ಆಮೇಲೆ ಸಂಧಿ ಆಗಿ ಕೋಟೆ ಅವರ ಕೈಗೇ ಬಂತು. ಅವರ ರಾಜ ಮೇಲಿಂದ ಹಿಂಬದಿಗೆ ಇಣುಕಿ ನೋಡಿ, ಅವನನ್ನ ಇಲ್ಲಿಂದ್ಲೇ ನೂಕಿ ಅಂದನಂತೆ.”

“ಸತ್ನಾ?”

“ಮುಂದಿನ ವರ್ಷದ ನಕ್ಷೆಯಲ್ಲೂ ಅವನದೇ ಸಹಿ ಇದೆ. ಇಷ್ಟು ದಿನ ನಾನು ಅದನ್ನ ಪವಾಡ ಅಂದ್ಕೊಂಡಿದ್ದೆ.”

ನಗು ನಿಂತ ಮೇಲೆ ಕರ್ನಲ್ ನಿರ್ದೇಶಕರನ್ನು ಪಕ್ಕಕ್ಕೆ ಕರೆದರು. “ಇವರ ಮೇಲೆ ಕೋಪ ಮಾಡ್ಕೋಬೇಡಿ. ಕೈ ಚೆನ್ನಾಗಿದೆ, ನಿಜ ಹೇಳೋ ಧೈರ್ಯ ಇದೆ. ನೀವು ಹೇಳಿದ ಆ ಹುದ್ದೆ ಇವರಿಗೇ ಕೊಡಿ. ಉಳಿದದ್ದು ನಾನು ನೋಡ್ಕೋತೀನಿ.” ಇಬ್ಬರೂ ಏನೋ ಮಾತಾಡಿಕೊಂಡರು. ಕೆಂಡವಾಗಿದ್ದ ಮುಖ ತಿಳಿಯಾಯಿತು, ಮುಗುಳ್ನಗೆ ಕೂಡ ಬಂತು. ಆ ಮುಗುಳ್ನಗೆಯನ್ನು ಕಂಡಾಗಲೇ ಪೆನ್ಸಿಲಪ್ಪ ಅನುಮಾನಪಡಬೇಕಿತ್ತು. ಆದರೆ ಅವನಾಗಲೇ ಆನಂದದಲ್ಲಿ ತೇಲುತ್ತಿದ್ದ.

ಸಂಜೆ ಲಕೋಟೆ ಹಿಡಿದುಕೊಂಡು ಮುಂಬಾಗಿಲಿನಿಂದಲೇ, ಬೇಕೆಂದೇ ನಿಧಾನವಾಗಿ ಮನೆ ಹೊಕ್ಕ. ಅಕ್ಕಪಕ್ಕದವರೆಲ್ಲ ಹಿಂದೆಯೇ ಬಂದರು. ಹೆಂಡತಿ ಲಕೋಟೆ ಒಡೆದು ಎಲ್ಲರಿಗೂ ಕೇಳಿಸುವಂತೆ ಓದಿದಳು.

“ಮುಖ್ಯ ನಕ್ಷೆಗಾರರನ್ನಾಗಿ ನೇಮಿಸಲಾಗಿದೆ.” ಚಪ್ಪಾಳೆ ಬಿತ್ತು. “ಆದರೆ ಇನ್ನು ಮುಂದೆ ಯಾವುದೇ ಪ್ರಪಾತವನ್ನು ಖುದ್ದಾಗಿ ಹತ್ತಿ ಅಳೆದ ನಂತರವೇ ಬರೆಯತಕ್ಕದ್ದು. ತರಬೇತಿ ಸೋಮವಾರದಿಂದ, ಕರ್ನಲ್ ಸಾಹೇಬರ ಶಾಲೆಯಲ್ಲಿ.” ಚಪ್ಪಾಳೆ ಇನ್ನೂ ಜೋರಾಯಿತು.

ಲಕೋಟೆಯಿಂದ ಒಂದು ಫೋಟೋ ಜಾರಿ ಬಿತ್ತು. ಗೋಡೆಯಂತೆ ನೆಟ್ಟಗೆ ನಿಂತ ಬೋಳು ಬಂಡೆ. ನಟ್ಟನಡುವೆ ಒಂದು ಕಪ್ಪು ಚುಕ್ಕೆ.

“ಇದೇನ್ರೀ, ಇರುವೆ?” ಎಂದಳು ಹೆಂಡತಿ.

“ಮನುಷ್ಯ ಕಣೇ.”

ಅವಳು ಫೋಟೋ ನೋಡಿ, ಗಂಡನನ್ನು ನೋಡಿ, ಮೆಲ್ಲಗೆ ಕೇಳಿದಳು: “ಅಲ್ಲಿ ನಿಮ್ಮ ಕಾಲು ಯಾರು ಹಿಡ್ಕೋತಾರೆ?”

ಕಸುಬಿನವನಾದ ಪೆನ್ಸಿಲಪ್ಪನಿಗೆ ಇನ್ನೂ ಒಂದು ಆಸೆ ಉಳಿದಿತ್ತು. “ಹೆದರ್ಬೇಡ. ಇದನ್ನೂ ಎಳೆದಿರ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತೆ ನೋಡು” ಎಂದು ಕನ್ನಡಕ ಏರಿಸಿ ಫೋಟೋವನ್ನು ಕಣ್ಣ ಹತ್ತಿರಕ್ಕೆ ತಂದ.

ಬರೆದಿತ್ತು. ಕರ್ನಲರದೇ ಕೈಬರಹ: ‘ಎತ್ತರವನ್ನು ಹಿಗ್ಗಿಸಿಲ್ಲ. ಅಂಚು ಕತ್ತರಿಸಬೇಡಿ.’