ರಾಚಪ್ಪನ ನಿಂತಲ್ಲೇ ಸವಾರಿ

“ಮಾಸ್ತರ್ರ, ಚಹಾ ಆಮ್ಯಾಲೆ ಕುಡೀರಿ! ಮೊದಲ ಇಲ್ಲಿ ನೋಡ್ರಿ!” ಎಂದು ರಾಚಪ್ಪ ನನ್ನ ಕೈಯೊಳಗಿನ ಕಪ್ಪನ್ನು ಕಸಿದುಕೊಂಡು ಕಿಟಕಿಯಲ್ಲಿಟ್ಟ. ಆಗಲೇ ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಒಳಗೆ ಅವನ ಹೆಂಡತಿ ಬೋರಮ್ಮ ಅವಲಕ್ಕಿ ಚೂಡಾಕ್ಕೆ ಒಗ್ಗರಣೆ ಹಾಕುವ ವಾಸನೆ ಬರುತ್ತಿತ್ತು.

ರಾಚಪ್ಪ ಮಸಬಿನಾಳ ನನ್ನ ಪಕ್ಕದ ಮನೆಯವನು. ವಿಜಯಪುರದಲ್ಲಿ ಅವನದೊಂದು ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇದೆ. ಆದರೆ ಅಲ್ಲಿ ಮೋಟರು ರಿಪೇರಿಯಾಗುವುದು ಅಪರೂಪ. ಅವುಗಳ ಹೊಟ್ಟೆಯೊಳಗಿನ ತಾಮ್ರದ ತಂತಿಯೆಲ್ಲ ಇವನ ಹೊಸ ಯಂತ್ರಗಳಿಗೆ ಹೋಗಿಬಿಡುತ್ತದೆ. ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ರೊಟ್ಟಿಯನ್ನು ಚೆನ್ನಾಗಿಯೇ ಬಡಿಯಿತು, ಬಡಿದದ್ದನ್ನೆಲ್ಲ ನನ್ನ ಮಾಳಿಗೆಯ ಮೇಲೆ ಎಸೆಯಿತು! ನಾನೋ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು. ಪ್ರತಿಯೊಂದು ವಸ್ತುವೂ ತನಗೆ ಹೇಳಿದ ಹಳಿಯ ಮೇಲೆಯೇ ಹೋಗಬೇಕು ಎನ್ನುವವನು. ಇಂಥವನ ಪಕ್ಕದಲ್ಲಿ ಅಂಥವನು ಮನೆ ಕಟ್ಟಿಸಿದ್ದು ನನ್ನ ಹಣೆಬರಹ, ಇನ್ನೇನು!

ಈ ಸಲದ ಯಂತ್ರ ಮಾತ್ರ ಮಗಳಿಗಾಗಿ. ದಾನೇಶ್ವರಿ ಸೈಕಲ್ ಹುಚ್ಚಿನ ಹುಡುಗಿ. ನಮ್ಮ ಕಡೆ ಓಣಿಗೊಬ್ಬರಾದರೂ ಸೈಕಲ್ ಪಟುಗಳು ಇರುತ್ತಾರೆ, ನಮ್ಮ ಓಣಿಗೆ ಇವಳು. ಮರುದಿನ ಭಾನುವಾರ ಬೆಳಿಗ್ಗೆ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಓಟ ಇತ್ತು, ಅದೂ ರಸ್ತೆಯ ಮೇಲೆ. ಆದರೆ ಹೋದ ತಿಂಗಳು ಬೈಪಾಸಿನ ಹುಣಸೆಮರದ ತಿರುವಿನಲ್ಲಿ ಟ್ಯಾಂಕರೊಂದು ಅಡ್ಡ ಬಂದು ಹುಡುಗಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. ಆವತ್ತಿನಿಂದ ಬೋರಮ್ಮನದು ಒಂದೇ ಹಟ. ಮಗಳು ರಸ್ತೆಗೆ ಸೈಕಲ್ ಇಳಿಸಕೂಡದು! ಆಯ್ಕೆಯ ಮಾತು ತೆಗೆದರೆ ಲಟ್ಟಣಿಗೆ ಕೈಗೆ ಬರುತ್ತಿತ್ತು. ಆ ಹುಡುಗಿ ಕಂಪೌಂಡಿನ ಮೇಲೆ ಕೂತು ಹೋಗಿ ಬರುವ ಸೈಕಲುಗಳನ್ನು ನೋಡುತ್ತಿದ್ದಳು.

“ರಸ್ತೆಗೆ ಹೋಗಬಾರದು ಅಂದ್ಲಲ್ರೀ ಇಕಿ? ಆತು! ರಸ್ತೇನ ಮನಿಗೆ ತಂದೀನಿ!” ರಾಚಪ್ಪ ಎದೆ ಉಬ್ಬಿಸಿದ.

ನಡುಮನೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು. ಅದು ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ಹಿಡಿದಿತ್ತು. ಗಾಲಿಗೆ ಒತ್ತಿಕೊಂಡು ಒಂದು ಉರುಳೆ. ಎಷ್ಟು ತುಳಿದರೂ ಸೈಕಲ್ ನಿಂತಲ್ಲೇ ನಿಂತಿರುತ್ತದೆ, ಉರುಳೆ ಮಾತ್ರ ತಿರುಗುತ್ತದೆ. ಇದಕ್ಕೆ ಟರ್ಬೊ ಟ್ರೇನರ್ ಎನ್ನುತ್ತಾರಂತೆ. ತೆರೆದ ಮುಂಬಾಗಿಲಿಗೆ ಅಡ್ಡವಾಗಿ ಮೇಜು, ಮೇಜಿನ ಮೇಲೆ ಟೀವಿ. ರಾಚಪ್ಪ ತನ್ನ ಸ್ಕೂಟರಿಗೆ ಮೊಬೈಲು ಕಟ್ಟಿಕೊಂಡು ಮನೆಯಿಂದ ಹೊರಟು, ಬೈಪಾಸು ಸುತ್ತಿ, ಮತ್ತೆ ಮನೆಗೆ ಬರುವ ದಾರಿಯನ್ನೆಲ್ಲ ವಿಡಿಯೊ ಮಾಡಿದ್ದನಂತೆ. ಹುಡುಗಿ ತುಳಿದಷ್ಟೇ ವೇಗದಲ್ಲಿ ಆ ರಸ್ತೆ ಟೀವಿಯಲ್ಲಿ ಓಡುತ್ತದೆ. ಜೊತೆಗೆ ಯಾವುದೋ ಪರದೇಶದ ತರಬೇತುದಾರನ ಮಾತನ್ನು ಕಂಪ್ಯೂಟರಿನಿಂದ ಕನ್ನಡ ಮಾಡಿಸಿ ಸೇರಿಸಿದ್ದ.

“ಇಷ್ಟ ಆದ್ರ ಪ್ಯಾಟಿಯೊಳಗೂ ಸಿಗತೈತಿ. ನನ್ನ ಕಮಾಲ್ ಇಲ್ಲೈತಿ!” ಎಂದು ಉರುಳೆಗೆ ಸುತ್ತಿದ ತಂತಿಯ ಸುರುಳಿ ತೋರಿಸಿದ. “ಇದು ತಿರುಗಿದ್ರ ಸೈಕಲ್ಲಿನ ಭಾರ ಹೋಗತೈತಿ. ನಿಂತಲ್ಲೇ ಇದ್ರೂ ಹುಡುಗಿಗೆ ಗಾಳ್ಯಾಗ ತೇಲಿ ಹೊಂಟಂಗ ಅನಸತೈತಿ!”

“ಅಪ್ಪ, ಶುರು ಮಾಡ್ಲಿ?” ದಾನೇಶ್ವರಿ ಆಗಲೇ ಸೈಕಲ್ ಏರಿದ್ದಳು. ಬೋರಮ್ಮ ಚೂಡಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮನಿಯೊಳಗ ಏನರ ಮಾಡ್ಕೋರಿ, ಹೊಸ್ತಿಲಾ ಮಾತ್ರ ದಾಟಬ್ಯಾಡ್ರಿ” ಎಂದಳು.

ಪೆಡಲು ತಿರುಗಿತು. ಟೀವಿಯಲ್ಲಿ ನಮ್ಮ ಓಣಿ ಮೂಡಿತು. “ಪ್ರಿಯ ಸವಾರರೇ, ಸುಸ್ವಾಗತ! ನಿಮ್ಮ ತೊಡೆಗಳು ಸಂತೋಷವಾಗಿವೆಯೇ?” ಎಂದಿತು ಟೀವಿ.

ನಾನು ಕಿಟಕಿಯಿಂದ ಕಪ್ಪು ತೆಗೆದುಕೊಳ್ಳಲು ಹೋದೆ. ಹೊರಗೆ ನನ್ನ ಮನೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು! ಪ್ಲಾಟ್‌ಫಾರಂನಲ್ಲಿ ಎರಡು ಗಾಡಿ ನಿಂತಾಗ ಯಾವುದು ಹೊರಟಿತೆಂದು ತಿಳಿಯದೆ ಗಾಬರಿಯಾಗುವ ಪ್ರಯಾಣಿಕರನ್ನು ಎಷ್ಟು ನೋಡಿಲ್ಲ ನಾನು! ಆವತ್ತು ನನ್ನ ಸರದಿ. ಅಂಗಳದಲ್ಲಿ ಸಂಡಿಗೆ ಇಡುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ, “ಎಲ್ಲಿಗೆ ಹೊಂಟ್ರಿ? ಬರೂವಾಗ ಕೊತಂಬರಿ ತರ್ರಿ!” ಎಂದು ಕೂಗಿದಳು.

“ರಾಚಪ್ಪ! ಮನಿ ಹೊಂಟದೋ!”

“ಹೊಂಟಂಗ ಅನಸೂದ ಇದರ ಗುಣ, ಮಾಸ್ತರ್ರ!”

“ಅನಸೂದಲ್ಲೋ, ಖರೇನ ಹೊಂಟದ!”

ಅಷ್ಟರಲ್ಲಿ ಲೈಟಿನ ಕಂಬದ ತಂತಿ ಪಟ್ಟೆಂದು ಕಿತ್ತುಬಂತು. ನಳದ ಪೈಪು ಮುರಿದು ನೀರು ಕಾರಂಜಿಯಾಯಿತು. ಮನೆ ನೆಲಬಿಟ್ಟು ಒಂದು ಗೇಣು ಮೇಲೆದ್ದು, ಗೇಟನ್ನು ಅಪ್ಪಳಿಸಿ ಮಲಗಿಸಿ, ರಸ್ತೆಗೆ ಇಳಿದು ಎಡಕ್ಕೆ ತಿರುಗಿತು. ಟೀವಿಯಲ್ಲೂ ರಸ್ತೆ ಎಡಕ್ಕೆ ತಿರುಗಿತ್ತು, ಮನೆ ಅದನ್ನೇ ಹಿಂಬಾಲಿಸುತ್ತಿತ್ತು. ಪುಣ್ಯಕ್ಕೆ ಅದು ಎರಡೇ ಕೋಣೆಯ ಮನೆ, ರಸ್ತೆಗೆ ಸರಿಯಾಗಿ ಹಿಡಿಸಿತು. ಟೀವಿಯೂ ಇನ್ವರ್ಟರ್ ಮೇಲೆ ನಡೆಯುತ್ತಿತ್ತು.

ರಾಚಪ್ಪ ಸುರುಳಿಯ ತುದಿ ಹಿಡಿದುಕೊಂಡು ಹೋಗಿ ನೋಡಿ ಹಣೆ ಬಡಿದುಕೊಂಡ. ಸುರುಳಿಯ ಅರ್ಥಿಂಗ್ ತಂತಿಯನ್ನು ನೆಲಕ್ಕೆ ಇಳಿಸುವ ಬದಲು ಮನೆಯ ಕಂಬದ ಕಬ್ಬಿಣಕ್ಕೆ ಕಟ್ಟಿದ್ದ. ಹಗುರಾಗಬೇಕಾದದ್ದು ಸೈಕಲ್, ಹಗುರಾದದ್ದು ಮನೆ!

“ಅರ್ಥಿಂಗಿಗೆ ತೆಗ್ಗು ತೋಡ್ತೀನಂದ್ರ ನಿನ್ನ ಕರಿಬೇವಿನ ಗಿಡ ಅಡ್ಡ ಬಂತು! ಕೀಳಾಕ ನೀ ಬಿಟ್ಟೇನು?” ಎಂದು ಹೆಂಡತಿಯ ಮೇಲೆ ಹಾಯ್ದ.

“ಹೌದ್ರೀ, ಮನಿ ಓಡಿಹೋಗಾಕ ನನ್ನ ಕರಿಬೇವ ಕಾರಣ! ಮೊದಲ ನಿಂದರಸ್ರಿ ಇದನ್ನ!”

“ನಿಂದರಸಬ್ಯಾಡ! ತುಳಿಯೂದು ಬಿಟ್ರ ಭಾರ ತಿರುಗಿ ಬರತೈತಿ. ರಸ್ತೆ ನಡುವ ಕುಂತ್ರ ಮನಿ ಮತ್ತ ಏಳೂದಿಲ್ಲ!”

“ಹಂಗಾದ್ರ ಹಿಂದಕ್ಕ ತಗೋಬೇ, ದಾನಿ!”

“ಅವ್ವ, ಸೈಕಲ್ ಹಿಂದಕ್ಕ ತುಳಿದ್ರ ಬರೇ ಟರ್ ಟರ್ ಅಂತೈತಿ, ಹೋಗೂದಿಲ್ಲ!”

ಅಂದರೆ ಒಂದೇ ದಾರಿ. ವಿಡಿಯೊ ಪೂರ್ತಿ ಸುತ್ತಿ ಮನೆ ಮುಟ್ಟಬೇಕು. ನಾವೆಲ್ಲ ಮನೆಯೊಳಗೇ ಇದ್ದು ಮನೆ ಮುಟ್ಟಬೇಕು! “ಅಭಿನಂದನೆಗಳು! ನಿಮ್ಮ ಪ್ರಯಾಣ ಈಗಷ್ಟೇ ಆರಂಭವಾಗಿದೆ!” ಎಂದಿತು ಟೀವಿ. ಬೋರಮ್ಮ ಅದರ ಕಡೆ ಒಂದು ಹಿಡಿ ಚೂಡಾ ಎಸೆದಳು. ನನಗೆ ಬರಬೇಕಾಗಿದ್ದ ಚೂಡಾ ಅದು.

ದ್ರಾಕ್ಷಿ ತೋಟಗಳು ಎರಡೂ ಬದಿ ಹಿಂದೆ ಸರಿದವು. ಒಣದ್ರಾಕ್ಷಿ ಶೆಡ್ಡಿನ ಹೆಂಗಸರು ಕೈಮುಗಿದರು, ಯಾವುದೋ ಮಠದ ಮೆರವಣಿಗೆ ಎಂದುಕೊಂಡಿರಬೇಕು. ಆಮೇಲೆ ದೂರದಲ್ಲಿ ನನ್ನ ಜೀವಮಾನದ ಪರಿಚಯದ ವಸ್ತು ಕಂಡಿತು. ರೈಲ್ವೆ ಗೇಟು! ಟೀವಿಯಲ್ಲಿ ಗೇಟು ತೆರೆದಿತ್ತು. ನಿಜವಾದದ್ದು ಹಾಕಿತ್ತು.

“ನಿಮ್ಮ ಮುಂದೆ ಯಾವ ಅಡ್ಡಿಯೂ ಇಲ್ಲ! ವೇಗ! ವೇಗ!” ಟೀವಿ ಹುರಿದುಂಬಿಸಿತು.

“ಅವನ ಮಾತು ಕೇಳಬ್ಯಾಡ, ದಾನಿ! ಕಾಲು ಬಿಡು!” ಎಂದು ನಾನು ಚೀರಿದೆ. ಹುಡುಗಿ ಕಾಲು ಬಿಟ್ಟಳು. ಮನೆ ಜಾರಿ ಜಾರಿ ಬಂದು, ಮುಂಬಾಗಿಲ ಹೊರಗಿನ ಕಟ್ಟೆ ಗೇಟಿಗೆ ಮುತ್ತಿಡುವಷ್ಟು ಹತ್ತಿರ ನಿಂತಿತು. ಬಂದದ್ದು ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ! ನೌಕರಿಯಲ್ಲಿದ್ದಾಗ ಉದ್ದ ಗಾಡಿ ಕಂಡರೆ ಅಭಿಮಾನಪಡುತ್ತಿದ್ದೆ, ಆವತ್ತು ಒಂದೊಂದು ಡಬ್ಬಿಗೂ ಶಾಪ ಹಾಕಿದೆ. ಮನೆ ಮೆಲ್ಲಗೆ ಕುಸಿಯತೊಡಗಿತ್ತು. ಕೆಳಗೆ ಡಾಂಬರು ಕಟಕಟ ಎಂದಿತು. ಕೊನೆಯ ಡಬ್ಬಿ ಬಂದಾಗ ನನಗೆ ತಡೆಯಲಾಗಲಿಲ್ಲ. ಮೇಜಿನ ಪಕ್ಕದಿಂದ ನುಸುಳಿ ಕಟ್ಟೆಗೆ ಹೋಗಿ, ಅಲ್ಲಿ ಒಣಹಾಕಿದ್ದ ಬೋರಮ್ಮನ ಹಸಿರು ಸೀರೆ ಎತ್ತಿ ಬೀಸಿದೆ. ಗಾರ್ಡು ಅಭ್ಯಾಸಬಲದಿಂದ ಹಸಿರು ಬಾವುಟ ಬೀಸಿದ. ಬೀಸಿದ ಮೇಲೆ ಮನೆ ನೋಡಿದ. ಅವನ ಬಾಯಿ ತೆರೆದದ್ದು ಗಾಡಿ ಮರೆಯಾಗುವವರೆಗೂ ಮುಚ್ಚಲಿಲ್ಲ.

ಗೇಟು ತೆರೆಯಿತು. ದಾನೇಶ್ವರಿ ಎದ್ದು ನಿಂತು ತುಳಿದಳು. ಮನೆ ನರಳಿಕೊಂಡು ಮತ್ತೆ ಮೇಲೆದ್ದಿತು.

ಇನ್ನು ಪಾರಾದೆವು ಎನ್ನುವಾಗ ಬೈಪಾಸಿನಲ್ಲಿ ಮನೆ ತಾನಾಗಿಯೇ ಬದಿಗೆ ಸರಿದು ಒಂದು ಭಜಿ ಅಂಗಡಿಯ ಮುಂದೆ ನಿಂತುಬಿಟ್ಟಿತು! ಹುಡುಗಿ ತುಳಿಯುತ್ತಲೇ ಇದ್ದಳು, ಉರುಳೆ ತಿರುಗುತ್ತಲೇ ಇತ್ತು, ಮನೆ ಮಾತ್ರ ಮುಂದೆ ಹೋಗದು. ಟೀವಿ ನೋಡಿದೆವು. ಟೀವಿಯಲ್ಲೂ ಅದೇ ಅಂಗಡಿ. ಒಂದು ಕೈ ಬಂದು ಮೆಣಸಿನಕಾಯಿ ಭಜಿ ಎತ್ತಿಕೊಂಡು ಹೋಯಿತು. ಮತ್ತೆ ಬಂತು. ಮತ್ತೆ ಎತ್ತಿತು. ಬೆರಳಲ್ಲಿ ರಾಚಪ್ಪನ ಬೆಳ್ಳಿಯ ಉಂಗುರ.

“ದೀರ್ಘವಾಗಿ ಉಸಿರಾಡಿ. ಇದು ವಿಶ್ರಾಂತಿಯ ಸಮಯ” ಎಂದಿತು ಟೀವಿ.

“ಡಾಕ್ಟರು ಎಣ್ಣಿ ಮುಟ್ಟಬ್ಯಾಡ ಅಂದಾರಲ್ರೀ?” ಬೋರಮ್ಮನ ದನಿ ತಣ್ಣಗಿತ್ತು. ಅದೇ ಹೆಚ್ಚು ಭಯ.

“ವಿಡಿಯೊದಾಗ ರುಚಿ ಬರೂದಿಲ್ಲಲ್ಲ, ಚೆಕ್ ಮಾಡಾಕಂತ…”

“ಮೊಬೈಲ್ ಬಂದ್ ಮಾಡಿ ತಿನ್ನಾಕ ಏನಾಗಿತ್ತು?” ಎಂದೆ ನಾನು. ಅಂಗಡಿಯವನು ಒಲೆ ಬಿಟ್ಟು ಬಂದು ಕಟ್ಟೆಗೆ ಕೈ ಊರಿ, “ಎಷ್ಟು ಪ್ಲೇಟ್ರೀ? ಒಳಗ ಕುಂದರತೀರೋ, ಅಲ್ಲಲ್ಲ, ಒಳಗ ಕುಂತೇ ಬಂದೀರಿ!” ಎಂದ.

ಅಂತೂ ಭಜಿ ಮುಗಿಯಿತು. ಮನೆ ಹೊರಟಿತು. ಆದರೆ ಆ ಭಜಿಯ ಫಲ ಸ್ವಲ್ಪ ಮುಂದೆ ಸಿಕ್ಕಿತು. ಭಜಿ ತಿನ್ನುವಷ್ಟು ಹೊತ್ತು ಸುಮ್ಮನೆ ವಿಡಿಯೊ ಓಡಿಸಿ, ವಿಡಿಯೊ ಮಾಡಿದ ದಿನ ಇವನ ಮೊಬೈಲಿನ ಬ್ಯಾಟರಿ ದಾರಿಯಲ್ಲೇ ಸತ್ತಿತ್ತು, ಮುಂದಿನ ರಸ್ತೆ ಅದರಲ್ಲಿ ಇರಲೇ ಇಲ್ಲ. ಟೀವಿ ಕಪ್ಪಾಯಿತು! ಮನೆ ಎತ್ತಿನ ಚಕ್ಕಡಿಯಂತೆ ಓಲಾಡತೊಡಗಿತು.

“ಅಪ್ಪ, ಟೀವಿ ಸರಸು!” ದಾನೇಶ್ವರಿ ಕೂಗಿದಳು. ರಾಚಪ್ಪ ಮೇಜನ್ನು ಎಳೆದ. ತೆರೆದ ಬಾಗಿಲಲ್ಲಿ ನಿಜವಾದ ರಸ್ತೆ ಕಂಡಿತು. ಅವಳು ಹ್ಯಾಂಡಲನ್ನು ತುಸು ಎಡಕ್ಕೆ ತಿರುಗಿಸಿದಳು. ಟೀವಿಯ ದಾರಿ ತಪ್ಪಿದ ಮನೆ ಈಗ ಹ್ಯಾಂಡಲಿನ ಮಾತು ಕೇಳಿ ಎಡಕ್ಕೆ ಬಂತು. ಬಲಕ್ಕೆ ತಿರುಗಿಸಿದಳು, ಬಲಕ್ಕೆ ಬಂತು. ಒಂದು ತಿಂಗಳಿಂದ ಬಾಡಿದ್ದ ಆ ಮುಖ ಅರಳಿದ್ದನ್ನು ನಾನು ನೋಡಿದೆ. ಬೋರಮ್ಮನೂ ನೋಡಿದಳು.

“ಅವ್ವ, ನನಗ ನೆಟ್ಟಗಷ್ಟ ಕಾಣತೈತಿ. ಆಜೂ ಬಾಜೂ ನೀ ನೋಡಿ ಹೇಳು!”

ಬೋರಮ್ಮ ಸೆರಗು ಸಿಕ್ಕಿಸಿ ಕಟ್ಟೆಯ ಮೇಲೆ ನಿಂತಳು. ಮುಂದೆಯೇ ಹುಣಸೆಮರದ ತಿರುವು. ಅವಳ ಕೈ ಕಂಬವನ್ನು ಗಟ್ಟಿಯಾಗಿ ಹಿಡಿಯಿತು. ತಿರುವಿನ ಆಚೆಯಿಂದ, ಹೇಳಿ ಕಳಿಸಿದಂತೆ, ನೀರಿನ ಟ್ಯಾಂಕರು ಬಂತು!

“ಟ್ಯಾಂಕರ್ ಬಂತಬೇ! ಎಡಕ್ಕ! ಇನ್ನ ಎಡಕ್ಕ! ಮರ, ಮರ! ಸಾಕು!” ಎಂದವಳೇ ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ. ರಾಚಪ್ಪ ಮೇಜಿನ ಕೆಳಗಿದ್ದ. ಬರ್ ಎಂದು ಒಂದು ಬದಿಗೆ ಟ್ಯಾಂಕರು ಹೋಯಿತು, ಸರ್ ಎಂದು ಇನ್ನೊಂದು ಬದಿಗೆ ಹುಣಸೆ ಎಲೆ ಗೋಡೆ ಸವರಿತು. ಕಣ್ಣು ತೆರೆದರೆ ತಿರುವು ಹಿಂದೆ ಉಳಿದಿತ್ತು. ಬೋರಮ್ಮ ಹಿಂದಿರುಗಿ ಮಗಳನ್ನು ನೋಡಿದಳು. ಹುಡುಗಿ ಏನೂ ಆಗಿಲ್ಲವೆಂಬಂತೆ ತುಳಿಯುತ್ತಿದ್ದಳು.

“ಮೆಲ್ಲಕ, ನನ್ನವ್ವ, ಮೆಲ್ಲಕ. ಹಂಗ. ಹಂಗ ಬಾ” ಎಂದಳು ಬೋರಮ್ಮ. ಆ ದನಿ ಬೇರೆಯೇ ಇತ್ತು. ಆಮೇಲೆ ನಮ್ಮ ಓಣಿಯವರೆಗೂ ಅವಳೇ ತರಬೇತುದಾರಳು. ತೊಡೆಗಳ ವಿಷಯ ಒಂದು ಸಲವೂ ಕೇಳಲಿಲ್ಲ.

ನನ್ನ ಕಂಪೌಂಡಿಗೂ ಆಚೆಯ ಬೇವಿನ ಮರಕ್ಕೂ ನಡುವೆ, ತಾವು ಎದ್ದು ಹೋದಾಗಿನಿಂದ ಖಾಲಿ ಬಿದ್ದಿದ್ದ ಜಾಗದೊಳಗೆ ದಾನೇಶ್ವರಿ ಆ ಮನೆಯನ್ನು, ನನ್ನ ಗೋಡೆಯ ಸುಣ್ಣ ಕೂಡ ಕೆರೆಯದಂತೆ, ತಂದು ಸೇರಿಸಿದಳು. ತುಳಿಯುವುದು ನಿಲ್ಲಿಸಿದಳು. ಮನೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಕುಳಿತಿತು. ನಾನೂ ಬಿಟ್ಟೆ. ಬದುಕಿದ್ದೇವಲ್ಲ ಎಂಬ ಸಮಾಧಾನಕ್ಕೆ ನೆಲದ ಮೇಲೆ ಬಿದ್ದಿದ್ದ ಚೂಡಾವನ್ನೇ ಆರಿಸಿಕೊಂಡು ತಿಂದೆ. ಹೊರಗಿನಿಂದ ನನ್ನ ಹೆಂಡತಿ, “ಕೊತಂಬರಿ ಎಲ್ಲಿ?” ಎಂದಳು.

ಬೋರಮ್ಮ ಮಗಳ ಮುಖದ ಬೆವರನ್ನು ಸೆರಗಿನಿಂದ ಒರೆಸಿದಳು. ಗಳಗಳನೆ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಹೇಳಿದಳು: “ನಾಳೆ ಆಯ್ಕೆಗೆ ಹೋಗು. ರಸ್ತೆ ಮ್ಯಾಲೇ ಹೊಡಿ. ಸೈಕಲ್ಲಿಗೆ ಬ್ರೇಕ್ ಅರ ಇರ್ತಾವ!”

ದಾನೇಶ್ವರಿ ಹೋದಳು, ಆಯ್ಕೆಯೂ ಆದಳು. ಮನೆಯನ್ನೇ ಓಡಿಸಿದವಳಿಗೆ ಸೈಕಲ್ ಯಾವ ಲೆಕ್ಕ!

ಒಂದೇ ಒಂದು ತೊಡಕು ಉಳಿದಿದೆ. ಮನೆಗೆ ರಿವರ್ಸು ಇರಲಿಲ್ಲವಲ್ಲ? ಮುಖ ಮುಂದಾಗಿ ಹೊರಟದ್ದು ಮುಖ ಮುಂದಾಗಿಯೇ ಒಳಗೆ ಬಂತು. ಹೀಗಾಗಿ ಈಗ ಅದರ ಮುಂಬಾಗಿಲು ಹಿತ್ತಲ ಗೋಡೆಗೆ ತಾಗಿಕೊಂಡಿದೆ, ಬಚ್ಚಲ ಬಾಗಿಲು ರಸ್ತೆಗೆ ತೆರೆಯುತ್ತದೆ. ಇನ್ನೊಂದು ಸುತ್ತು ಹೋಗಿಬಂದು ಸರಿಮಾಡುತ್ತೇನೆ ಎಂದು ರಾಚಪ್ಪ ಹೇಳಿದಾಗ ಬೋರಮ್ಮ ಲಟ್ಟಣಿಗೆ ತೋರಿಸಿದಳು. ಬಂದವರೆಲ್ಲ ಈಗ ಬಚ್ಚಲ ಮೂಲಕವೇ ಹೋಗುತ್ತಾರೆ. ಕೈಕಾಲು ತೊಳೆದುಕೊಂಡೇ ಒಳಗೆ ಬರುವುದು ನಮ್ಮ ಕಡೆಯ ಹಳೆಯ ಪದ್ಧತಿ, ಆದ್ದರಿಂದ ಈವರೆಗೆ ಯಾರೂ ತಕರಾರು ಮಾಡಿಲ್ಲ.