ನೆಂಟರಿಲ್ಲದ ಫೈಲು

ಹೆದರುವವರ ಮೇಲೇ ಹಾವೆಸೆಯುವುದು ಅಂತಾರಲ್ಲ, ಅದನ್ನು ನನ್ನನ್ನು ನೋಡಿಯೇ ಹೇಳಿದ್ದಿರಬೇಕು. ಧೈರ್ಯದವರಿಗೆ ಇಂಥದ್ದೆಲ್ಲ ಯಾಕೆ ಆಗುವುದಿಲ್ಲವೋ ದೇವರೇ ಬಲ್ಲ, ನನಗಂತೂ ಆಗುತ್ತಲೇ ಇರುತ್ತದೆ. ಆ ಬೇಸಿಗೆಯಲ್ಲಿ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ಆಗ ನಾನು ಮಂಗಳೂರಿನಲ್ಲಿ ಲಾ ಓದುತ್ತಿದ್ದೆ. ಕೊನೆಯ ವರ್ಷಕ್ಕೆ ಮೊದಲಿನ ರಜೆಯಲ್ಲಿ ದೋಹಾಕ್ಕೆ, ಪಪ್ಪ ಮಮ್ಮಿಯ ಹತ್ತಿರ ಹೋದಾಗ ಅಲ್ಲೇ ಪಕ್ಕದ ಲುಸೈಲ್‌ನ ಒಂದು ದೊಡ್ಡ ವಿದೇಶಿ ಲಾ ಕಂಪನಿಯಲ್ಲಿ ಸೀಟು ಸಿಕ್ಕಿತು. ಅಲ್ಲಿಯ ಪದ್ಧತಿ ಏನೆಂದರೆ, ಬೇಸಿಗೆ ರಜೆಗೆ ಕೆಲವು ಲಾ ಮಕ್ಕಳನ್ನು ತಂದು ಕೂರಿಸಿ, ಕೈಗೆ ಫೈಲು ಕೊಟ್ಟು, ಹೇಗೆ ಮಾಡುತ್ತಾರೆ ಅಂತ ನೋಡುತ್ತಾರೆ. ಕೊನೆಗೆ ಪಾಸಾದವರಿಗೆ ಕೆಲಸ. ಆ ವರ್ಷ ಇದ್ದದ್ದು ಒಂದೇ ಕೆಲಸ. ಸಿಕ್ಕಿದರೆ ಓದು ಮುಗಿದ ಮೇಲೆ ಪಪ್ಪ ಮಮ್ಮಿ ಜೊತೆ ಅಲ್ಲೇ ಇರಬಹುದು. ಸಿಗದಿದ್ದರೆ ಮಂಗಳೂರು ಕೋರ್ಟಿನಲ್ಲಿ ಯಾವುದಾದರೂ ಸೀನಿಯರ್ ಹಿಂದೆ ಬ್ಯಾಗ್ ಹೊತ್ತುಕೊಂಡು ಒಬ್ಬಳೇ ಇರಬೇಕು. ಪಪ್ಪನನ್ನು ವರ್ಷಕ್ಕೊಮ್ಮೆ ರಜೆಯಲ್ಲಿ ಮಾತ್ರ ನೋಡಿ ಬೆಳೆದವಳು ನಾನು. ಆ ಕೆಲಸ ನನಗೆ ಬೇಕೇ ಬೇಕಿತ್ತು, ಅದಕ್ಕೇ ಅಷ್ಟು ಹೆದರಿಕೆ.

ಬಾಯಿಗೆ ಬೀಗ

ನಮ್ಮ ಮಹಡಿಯ ದೊಡ್ಡ ಬಾಸ್ ಸ್ಕಾಟ್ಲೆಂಡಿನವರು. ತೆಂಗಿನ ಮರದಷ್ಟು ಉದ್ದ, ಮಾತು ಕಡಿಮೆ. ಅವರು ಬರುವುದು ಕಂಡರೆ ನಗುತ್ತಿದ್ದವರೆಲ್ಲ ಕೆಮ್ಮಲಿಕ್ಕೆ ಶುರು ಮಾಡುತ್ತಿದ್ದರು. ಮೊದಲನೇ ದಿನ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, "ಇಲ್ಲಿ ಕಂಡದ್ದು, ಕೇಳಿದ್ದು ಯಾವುದೂ ಹೊರಗೆ ಹೋಗಬಾರದು. ಲಿಫ್ಟಿನಲ್ಲಿ ಮಾತಾಡಬಾರದು, ಮನೆಯಲ್ಲೂ ಮಾತಾಡಬಾರದು. ಯಾರಾದರೂ ಹೇಳಿದರೆ..." ಅಂತ ನಿಲ್ಲಿಸಿದರು. ಮುಂದೆ ಏನೂ ಹೇಳಲಿಲ್ಲ. ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲವೋ ಏನೋ.

ಮನೆಗೆ ಬಂದ ಕೂಡಲೇ ಮಮ್ಮಿ ಕೇಳಿದರು, "ಎಂಥ ಕೆಲಸ ಕೊಟ್ರು?"

"ಹೇಳ್ಲಿಕ್ಕಿಲ್ಲ."

"ಬಾಸ್ ಹೇಗಿದ್ದಾರೆ?"

"ಹೇಳ್ಲಿಕ್ಕಿಲ್ಲ."

"ಮಧ್ಯಾಹ್ನ ಎಂಥ ತಿಂದಿ?"

ತಿಂದದ್ದು ಕ್ಲೈಂಟ್ ಮೀಟಿಂಗಿನಲ್ಲಿ ಉಳಿದ ಸ್ಯಾಂಡ್‌ವಿಚ್. ಯೋಚಿಸಿ ನೋಡಿದೆ. "ಅದೂ ಹೇಳ್ಲಿಕ್ಕಿಲ್ಲ ಮಮ್ಮಿ."

ಮಮ್ಮಿಯ ಮುಖ ಸಣ್ಣಗಾಯಿತು. ಶುಕ್ರವಾರ ಅಲ್ಲಿ ರಜೆ, ಚರ್ಚಿನ ಪೂಜೆಯೂ ಅವತ್ತೇ. ಆ ದಿನ ಇಗರ್ಜಿಯ ಪಾರ್ಕಿಂಗಿನಲ್ಲಿ ಒಬ್ಬರು ಆಂಟಿ ಸಿಕ್ಕಿದರು. ಇವರು ಮಮ್ಮಿಯ ದೊಡ್ಡಮ್ಮನ ಮಗಳು. ದೋಹಾದಲ್ಲಿ ನಮ್ಮವರ ಮನೆಯಲ್ಲಿ ಸೌಟು ಬಿದ್ದರೂ ಇವರಿಗೆ ಕೇಳುತ್ತದೆ. "ಆಫೀಸು ಹೇಗುಂಟು ಮಗಾ?" ಅಂತ ಕೇಳಿದರು. ನಾನು ತಲೆ ತಗ್ಗಿಸಿ ಕಾರಿನೊಳಗೆ ಕೂತು ಗಾಜು ಏರಿಸಿದೆ.

ಮುಂದಿನ ಶುಕ್ರವಾರದ ಪೂಜೆಯಲ್ಲಿ, ಕೆಲಸದ ಜಾಗದಲ್ಲಿ ದೊಡ್ಡ ಕಷ್ಟಕ್ಕೆ ಸಿಕ್ಕಿಕೊಂಡು ಯಾರ ಹತ್ತಿರವೂ ಬಾಯಿ ಬಿಡಲಾಗದ ಒಬ್ಬಳು ಹುಡುಗಿಗಾಗಿ ಪ್ರಾರ್ಥಿಸೋಣ ಅಂತ ಓದಿದರು. ನನಗಿಂತ ಪಾಪದವಳು ಒಬ್ಬಳಿದ್ದಾಳಲ್ಲ ಅಂತ ಎದೆ ಕರಗಿ, ಮೊಣಕಾಲೂರಿ ಎಲ್ಲರಿಗಿಂತ ಹೆಚ್ಚು ಪ್ರಾರ್ಥಿಸಿದೆ. ಪಕ್ಕದಲ್ಲಿ ಮಮ್ಮಿ ನನ್ನ ತಲೆ ಸವರುತ್ತಾ ಅಳುವುದು ಕಂಡಾಗಲೇ ಆ ಹುಡುಗಿ ಯಾರು ಅಂತ ಗೊತ್ತಾದದ್ದು.

ಹತ್ತಿರವೂ ಅಲ್ಲ, ದೂರವೂ ಅಲ್ಲ

ಲಾ ಕಂಪನಿಯಲ್ಲಿ ಇನ್ನೊಂದು ನಿಯಮ ಉಂಟು. ಎದುರು ಪಾರ್ಟಿಯಲ್ಲಿ ನಮ್ಮ ನೆಂಟರಿದ್ದರೆ ಆ ಫೈಲು ನಾವು ಮುಟ್ಟಬಾರದು. ಇದನ್ನು ನೋಡಿಕೊಳ್ಳಲಿಕ್ಕೆಂದೇ ಒಬ್ಬರು ಲೆಬನಾನಿನ ಮೇಡಂ ಇದ್ದರು. ಒಳ್ಳೆಯವರೇ, ಆದರೆ ಕಣ್ಣು ಮಿಟುಕಿಸದೆ ಪ್ರಶ್ನೆ ಕೇಳುವವರು.

ನನಗೆ ಮೊದಲು ಸಿಕ್ಕಿದ್ದು ಲುಸೈಲಿನ ಒಂದು ಕಟ್ಟಡದ ತಕರಾರು. "ಎದುರಿನ ಕಾಂಟ್ರಾಕ್ಟರ್ ಕಂಪನಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?" ಅಂತ ಮೇಡಂ ಕೇಳಿದರು. ಬೇರೆ ಮಕ್ಕಳೆಲ್ಲ ಒಂದೇ ಮಾತಿನಲ್ಲಿ ಇಲ್ಲ ಅಂದಿದ್ದರು. ನಾನು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು.

"ಅಲ್ಲಿಯ ಅಕೌಂಟೆಂಟಿನ ಹೆಂಡತಿ ಮಮ್ಮಿಗೆ ಸೋದರಮಾವನ ಮಗಳು ಮೇಡಂ."

"ತುಂಬಾ ಹತ್ತಿರವಾ?"

"ಇಲ್ಲ ಮೇಡಂ. ಅವರ ಮಗನ ಮದುವೆಯ ರೋಸಿಗೆ ನಮ್ಮನ್ನು ಕರೆಯಲಿಲ್ಲ." ರೋಸ್ ಅಂದರೆ ಮದುವೆಯ ಮುಂಚಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅಂತ ಅದನ್ನೂ ವಿವರಿಸಿದೆ.

"ಅಂದರೆ ದ್ವೇಷ?"

"ಛೆ ಛೆ, ಹೋದ ವಾರ ನಮ್ಮ ಮನೆಯಲ್ಲೇ ಊಟ ಮಾಡಿದ್ದಾರೆ. ಮಾತಾಡುವುದಿಲ್ಲ, ಅಷ್ಟೇ."

ಮೇಡಂ ಕಂಪ್ಯೂಟರನ್ನು ತುಂಬಾ ಹೊತ್ತು ನೋಡಿದರು. "ಊಟ ಮಾಡ್ತಾರೆ, ಮಾತಾಡುವುದಿಲ್ಲ ಅನ್ನುವುದಕ್ಕೆ ಇದರಲ್ಲಿ ಜಾಗ ಇಲ್ಲ" ಅಂತ ಹೇಳಿ ನನ್ನನ್ನು ಆ ಫೈಲಿನಿಂದ ತೆಗೆದರು.

ಖಾಲಿ ಮೇಜು

ಎರಡನೆಯದು ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನ ಕೇಸು. ಅಲ್ಲಿಯ ಸ್ಟೋರ್‌ಕೀಪರ್ ಪಪ್ಪನ ಅಣ್ಣನ ಅಳಿಯ. ತೆಗೆದರು. ಮೂರನೆಯದು ಹಮದ್ ಬಂದರಿನದ್ದು. ಎದುರು ಪಾರ್ಟಿ ಯಾರೆಂದು ನೋಡಿದರೆ ಪಪ್ಪ ಕೆಲಸ ಮಾಡುವ ಕಂಪನಿಯೇ. ಅದನ್ನು ಹೇಳುವಾಗ ನನಗೆ ಅಳು ಬಂತು. ಮೇಡಂ ನೀರು ಕೊಟ್ಟರು.

ಆಮೇಲೆ ನನ್ನ ಮೇಜಿನ ಮೇಲೆ ಫೈಲೇ ಇಲ್ಲ. ಉಳಿದವರೆಲ್ಲ ಊಟ ಬಿಟ್ಟು ದುಡಿಯುತ್ತಿದ್ದರು. ಕೆಲಸ ಮಾಡಿದ್ದು ಕಂಡರಲ್ಲವೇ ಕೆಲಸ ಕೊಡುವುದು? ಬಾಸ್ ಆ ಕಡೆ ಬಂದಾಗಲೆಲ್ಲ ನಾನು ಕಾರ್ಮಿಕ ಕಾನೂನಿನ ಪುಸ್ತಕ ತೆರೆದು ಗಂಭೀರವಾಗಿ ಗೆರೆ ಎಳೆಯುತ್ತಿದ್ದೆ. ಕೊನೆಕೊನೆಗೆ ಆ ಪುಸ್ತಕದಲ್ಲಿ ಗೆರೆ ಇಲ್ಲದ ಸಾಲು ಹುಡುಕಬೇಕಿತ್ತು.

ಮೇಡಂಗೆ ಪಾಪ ಅನಿಸಿರಬೇಕು. ಎಲ್ಲಿಂದಲೋ ಒಂದು ಫೈಲು ತಂದರು. ಹಡಗಿಗೆ ಬಣ್ಣ ಮಾರುವ ನಾರ್ವೆಯ ಕಂಪನಿಗೂ ಗ್ರೀಸಿನ ಹಡಗಿನವರಿಗೂ ಜಗಳ. "ಇದರಲ್ಲಿ ನಿಮ್ಮವರು ಒಬ್ಬರೂ ಇಲ್ಲ, ನಾನೇ ನೋಡಿದ್ದೇನೆ. ಖಲಾಸ್" ಅಂದರು. ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಮಾರನೆಯ ದಿನ ವಿಡಿಯೋ ಮೀಟಿಂಗ್. ಈ ಕಡೆ ಬಾಸ್, ಮೇಡಂ, ನಾನು. ಆ ಕಡೆ ಗ್ರೀಸಿನವರ ದೋಹಾ ಆಫೀಸು. ಅವರ ಕ್ಯಾಮೆರಾ ಕೆಟ್ಟಿತ್ತು. ಸರಿ ಮಾಡಲಿಕ್ಕೆ ಐಟಿಯವರೊಬ್ಬರು ಬಂದು, ಪರದೆ ತುಂಬಾ ಮುಖ ಇಟ್ಟು, ನನ್ನನ್ನೇ ನೋಡಿದರು.

"ಏ, ನೀನು ಬಜ್ಪೆ ಟೀಚರಿನ ಮೊಮ್ಮಗಳಲ್ವಾ?"

ಬಾಸ್ ನಿಧಾನವಾಗಿ ನನ್ನ ಕಡೆ ತಿರುಗಿದರು. "ಇವರು ಯಾರಂತ ನನಗೆ ಗೊತ್ತೇ ಇಲ್ಲ ಸರ್" ಅಂದೆ. ನಿಜವಾಗಿಯೂ ಗುರುತು ಸಿಗಲಿಲ್ಲ ಮಾರಾಯ್ರೆ. ಅಷ್ಟರಲ್ಲಿ ಆ ಪುಣ್ಯಾತ್ಮ, ಎಲ್ಲರ ಎದುರು ನಮ್ಮ ಭಾಷೆ ಮಾತಾಡುವುದು ಮರ್ಯಾದೆಯಲ್ಲ ಅಂತ ಗ್ರಹಿಸಿ, ಸ್ವಚ್ಛ ಇಂಗ್ಲಿಷಿನಲ್ಲಿ ಕೇಳಿದರು, "ಪಪ್ಪನ ಮೂಲವ್ಯಾಧಿ ಆಪರೇಷನ್ ಆಯ್ತಾ?"

ಬಾಸಿನ ಕ್ಯಾಬಿನ್

ಕೊನೆಯ ವಾರ ಬಂತು. ಕೆಲಸ ಯಾರಿಗೆ ಅಂತ ಬಾಸ್ ಗುರುವಾರ ಹೇಳುವವರಿದ್ದರು. ಹಡಗಿನ ಫೈಲೂ ಕೈತಪ್ಪಿದ ಮೇಲೆ ನನಗೆ ಆಸೆ ಇರಲಿಲ್ಲ, ಹೆದರಿಕೆ ಮಾತ್ರ ಹಾಗೆಯೇ ಇತ್ತು.

ನಾನು ಏನೂ ಹೇಳುವುದಿಲ್ಲವಲ್ಲ, ಮಮ್ಮಿ ತಾವೇ ಇಂಟರ್ನೆಟ್ಟಿನಲ್ಲಿ ಹುಡುಕಿ ಬಾಸಿನ ಫೋಟೋ ತೆಗೆದಿದ್ದರು. ಶುಕ್ರವಾರ ಇಗರ್ಜಿಯ ಪಾರ್ಕಿಂಗಿನಲ್ಲಿ ಅದನ್ನು ಆಂಟಿಗೆ ತೋರಿಸಿದರು.

ಆಂಟಿ ಕನ್ನಡಕ ಹಾಕಿದರು. "ಇದು ನಮ್ಮ ಅಕ್ಕನ ಮಗಳ ಗಂಡ ಅಲ್ವಾ?" ಪುನಃ ನೋಡಿದರು. "ಇವ ಲಾಯರಾ? ಹೌದಾ? ಲಾಯರಾ?"

ಮಮ್ಮಿಗೆ ಸ್ವರ್ಗ ಮೂರೇ ಗೇಣು. "ಒಂದು ಮಾತು ಹೇಳಿ ಅಕ್ಕಾ, ಮಗಳ ಕೆಲಸ ಆಗ್ತದೆ" ಅಂದರು. ನನಗೆ ನೆಲ ಬಿರಿದು ನುಂಗಬಾರದಾ ಅನಿಸಿತು. ಶಿಫಾರಸು ಮಾಡಿಸಿದಳು ಅಂತ ಆದರೆ ನನ್ನ ಕಥೆ ಮುಗಿಯಿತು. ಹೇಳದೆ ಇರುವ ಹಾಗಿಲ್ಲ, ಹೇಳಬೇಕಾದರೆ ನೆಂಟರ ಪಟ್ಟಿಗೆ ಬಾಸಿನ ಹೆಸರನ್ನೇ ಸೇರಿಸಬೇಕು.

ಮೇಡಂ ಹತ್ತಿರ ಹೋದೆ. ಕೇಳಿದವರು ಕಣ್ಣು ಮುಚ್ಚಿಕೊಂಡರು. "ಯಲ್ಲಾ, ನಡೆಯಿರಿ, ನೀವೇ ಹೋಗಿ ಹೇಳಿ. ನನಗೆ ಸಣ್ಣ ಮಕ್ಕಳಿದ್ದಾರೆ."

ಮನಸ್ಸಿನಲ್ಲೇ ಶಿಲುಬೆ ಗುರುತು ಮಾಡಿಕೊಂಡು ಕ್ಯಾಬಿನಿನೊಳಗೆ ಹೋದೆ.

"ಸರ್, ಇನ್ನೊಬ್ಬರು ನೆಂಟರು ಸಿಕ್ಕಿದ್ದಾರೆ."

ಬಾಸ್ ತಲೆ ಎತ್ತಲಿಲ್ಲ. "ಯಾವ ಕಂಪನಿ?"

"ಇದೇ ಕಂಪನಿ ಸರ್. ನೀವು. ನಿಮ್ಮ ಹೆಂಡತಿಯ ಚಿಕ್ಕಮ್ಮ ನನಗೆ ದೊಡ್ಡಮ್ಮ ಆಗಬೇಕು. ಆ ಲೆಕ್ಕದಲ್ಲಿ ನೀವು ನನಗೆ ಭಾವ."

ಬಾಸ್ ಎದ್ದರು. ಬಾಗಿಲು ಹಾಕಿದರು. ಗಾಜಿನ ಪರದೆ ಇಳಿಸಿದರು. ಮುಗಿಯಿತು ಅಂದುಕೊಂಡೆ. ಅವರು ವಾಪಸು ಬಂದು ಕೂತು ಸಣ್ಣ ಸ್ವರದಲ್ಲಿ ಕೇಳಿದರು, "ನಾನು ಲಾಯರ್ ಅಂತ ಚಿಕ್ಕಮ್ಮನಿಗೆ ಗೊತ್ತಾಯ್ತಾ?"

"ಗೊತ್ತಾಯ್ತು ಸರ್."

"ಬೇರೆ ಯಾರಿಗೆ?"

"ಇಗರ್ಜಿಯ ಪಾರ್ಕಿಂಗಿನಲ್ಲಿ ಮಾತಾಡಿದ್ದು ಸರ್."

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಆಮೇಲೆ ಒಂದೊಂದೇ ಹೊರಗೆ ಬಂತು. ಮೊದಲು ದುಬೈಯಲ್ಲಿದ್ದಾಗ ಹೆಂಡತಿಯ ಕಡೆಯವರಿಗೆ ಇವರು ಲಾಯರ್ ಅಂತ ಗೊತ್ತಾಯಿತಂತೆ. ಪ್ರತಿ ಶುಕ್ರವಾರ ಊಟಕ್ಕೆ ಬಂದವರೆಲ್ಲ ಬಂಟ್ವಾಳದ ಜಾಗದ ಪಾಲು, ಬಾವಿಯ ದಾರಿ, ಅಣ್ಣ ಹಾಕಿದ ಬೇಲಿ ಅಂತ ಸುತ್ತುವರಿದು ಕೂರುತ್ತಿದ್ದರಂತೆ. ಒಬ್ಬರು ಊರಿನಿಂದ ಹಲಸಿನ ಹಣ್ಣಿನ ಜೊತೆ ಸರ್ವೆ ಕಲ್ಲಿನ ಚೂರೂ ತಂದಿದ್ದರಂತೆ. ಅದಕ್ಕೇ ದೋಹಾಕ್ಕೆ ಓಡಿ ಬಂದು, ಇಲ್ಲಿಯವರಿಗೆಲ್ಲ ಇನ್ಶೂರೆನ್ಸಿನಲ್ಲಿದ್ದೇನೆ ಅಂತ ಹೇಳಿದ್ದು.

"ಬಂಟ್ವಾಳ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ" ಅಂದರು ಬಾಸ್. ಅಷ್ಟರಲ್ಲಿ ಅವರ ಫೋನು ಗುಂಯ್ ಅಂತು. ನೋಡಿದರು, ಮುಖ ಬಿಳಿಚಿತು. ನನ್ನ ಕಡೆ ತಿರುಗಿಸಿದರು. ಚಿಕ್ಕಮ್ಮ.

ಆ ಕ್ಷಣಕ್ಕೆ ನನಗೆ ಪಾಪ ಅನಿಸಿತು. ನನಗಿಂತ ಹೆಚ್ಚು ಹೆದರುವವರನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. "ಕೊಡಿ ಸರ್" ಅಂತ ಫೋನು ತೆಗೆದುಕೊಂಡೆ. ಆಂಟಿಯ ಅಣ್ಣನಿಗೆ ಬೇಲಿಯ ತಕರಾರು. ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಹೇಳಿ, ಊರಿನಲ್ಲಿ ಯಾವ ಆಫೀಸಿಗೆ ಹೋಗಬೇಕು ಅಂತ ತಿಳಿಸಿ, ಇನ್ನು ಏನಿದ್ದರೂ ನನಗೇ ಫೋನ್ ಮಾಡಿ ಆಂಟಿ, ಭಾವನಿಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂದೆ. ಆಂಟಿ ಖುಷಿಯಿಂದ ಫೋನ್ ಇಟ್ಟರು.

ಬಾಸ್ ಮೇಜಿನ ಫೋನ್ ಎತ್ತಿ ಮೇಡಂಗೆ ಹೇಳಿದರು, "ಕೆಲಸ ಈ ಹುಡುಗಿಗೆ."

ಮೇಡಂ ಸ್ವರ ನನಗೂ ಕೇಳುತ್ತಿತ್ತು. "ಸರ್, ಅವರನ್ನು ಯಾವ ಫೈಲಿಗೆ ಹಾಕುವುದು? ಎಲ್ಲದರಲ್ಲೂ ಅವರ ನೆಂಟರಿದ್ದಾರಲ್ಲ."

"ನನ್ನ ಹೆಂಡತಿಯ ಮನೆಯವರ ಫೈಲಿಗೆ" ಅಂದರು ಬಾಸ್. "ಅದಕ್ಕೆ ನೆಂಟರೇ ಆಗಬೇಕು."