ಮೇಜಿನ ಮೇಲಿನ ಅರಬ್ಬೀ ಸಮುದ್ರ

ದಡ್ಡರ ಮೇಲೆ ನನಗೆ ಅಂಥ ಕೋಪವೇನಿಲ್ಲ. ದಡ್ಡರ ಮುಂದೆ ನಿಂತು ತಲೆಯಾಡಿಸುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ನಮ್ಮ ಆಫೀಸಿನಲ್ಲಿ ಅಂಥವರು, ನನ್ನನ್ನು ಬಿಟ್ಟು, ಹನ್ನೊಂದು ಮಂದಿ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದಲ್ಲಿ ಸಾಹೇಬರು "ಯಾಕೋ ಚಳಿ ಕಣ್ರೀ" ಅಂದರೆ ಸಾಕು, ಹನ್ನೊಂದು ಮಂದಿಯೂ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ನಾನು ಹಾಕಿಕೊಳ್ಳುತ್ತಿರಲಿಲ್ಲ. ಆಗ ನನ್ನ ಕೋಟಿಗೆ ಗುಂಡಿಯೇ ಇರಲಿಲ್ಲ ಅನ್ನುವುದು ಬೇರೆ ವಿಷಯ. ನನ್ನ ಜಂಬವೆಲ್ಲ ನನ್ನ ನಾಲಿಗೆಯ ಮೇಲೆ. ನೆಂಟರಿಷ್ಟರ ಮದುವೆಗಳಲ್ಲಿ ಅಡುಗೆಯವರು ಸೌಟು ಹಿಡಿದುಕೊಂಡು ನನ್ನನ್ನೇ ಹುಡುಕುತ್ತಾರೆ. "ಗೌಡ್ರೆ, ಸ್ವಲ್ಪ ಉಪ್ಪು ನೋಡ್ಬುಡಿ." ಕಡಿಮೆಯಾಗಿದ್ದರೆ ಕಡಿಮೆ ಅನ್ನುತ್ತೇನೆ, ಹೆಚ್ಚಾಗಿದ್ದರೆ ಹೆಚ್ಚು. ಬೀಗರ ಮುಖ ನೋಡಿ ರುಚಿ ಹೇಳುವ ಜಾಯಮಾನ ನನ್ನದಲ್ಲ. ಈ ನಾಲಿಗೆಗೆ ಏನಾಯಿತು ಅನ್ನುವುದನ್ನು ಹೇಳಬೇಕಾದರೆ ಸಮುದ್ರದಿಂದಲೇ ಶುರು ಮಾಡಬೇಕು.

ನಮ್ಮ ರಾಜ್ಯಕ್ಕೆ ಆಗ ಸಮುದ್ರ ಬಂದ ಹೊಸತು. ಕನ್ನಡದ ಸೀಮೆಗಳೆಲ್ಲ ಒಂದಾಗಿ, ಮಂಗಳೂರು ಕಾರವಾರಗಳು ನಮ್ಮವಾಗಿದ್ದವು. ಹುಟ್ಟಿದಾಗಿನಿಂದ ಕುಕ್ಕರಹಳ್ಳಿ ಕೆರೆಗಿಂತ ದೊಡ್ಡ ನೀರು ನೋಡಿರದಿದ್ದ ನಮ್ಮ ಸಾಹೇಬರಿಗೆ ಇದು ತಲೆಗೇರಿಬಿಟ್ಟಿತು. ಸರ್ಕಾರಿ ಕೆಲಸದ ಮೇಲೆ ಮಂಗಳೂರಿಗೆ ಹೋದವರು ವಾಪಸು ಬರುವಾಗ ಆರು ಹಾಲಿನ ಕ್ಯಾನಿನ ತುಂಬ ಸಮುದ್ರದ ನೀರು, ಒಂದು ಬುಟ್ಟಿ ಶಂಖ, ಚಿಪ್ಪು, ನಾಲ್ಕು ಪಟ್ಟೆ ಪಟ್ಟೆ ಮೀನು ತಂದರು. ತಮ್ಮ ಮೇಜಿನ ಪಕ್ಕದ ಮೇಜಿನ ಮೇಲೆ ಗಾಜಿನ ತೊಟ್ಟಿ ಇಡಿಸಿ ನೀರು ಹುಯ್ಯಿಸಿದರು. "ಈಗ ನಮ್ಮ ರಾಜ್ಯಕ್ಕೆ ಸಮುದ್ರ ಇದೆ. ನಮ್ಮ ಆಫೀಸಿಗೆ ಯಾಕಿರಬಾರದು?" ಅಂದರು. ಹನ್ನೊಂದು ತಲೆಗಳು ಆಡಿದವು. ಮೂರನೆಯ ದಿನಕ್ಕೆ ನಾಲ್ಕು ಮೀನೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಅಷ್ಟರಲ್ಲಿ ಸಾಹೇಬರು ಬೆಂಗಳೂರಿನ ಡೈರೆಕ್ಟರಿಗೆ ತಮ್ಮ ಸಮುದ್ರದ ವರ್ಣನೆ ಮಾಡಿ ಕಾಗದ ಬರೆದಾಗಿತ್ತು. ಮುಂದಿನ ತಿಂಗಳು ತನಿಖೆಗೆ ಬಂದಾಗ ಖಂಡಿತ ನೋಡುತ್ತೇನೆ ಅಂತ ಡೈರೆಕ್ಟರು ಉತ್ತರವನ್ನೂ ಬರೆದಿದ್ದರು.

ಇಲ್ಲಿಯವರೆಗೆ ನನಗೂ ಈ ಕಥೆಗೂ ಸಂಬಂಧವಿರಲಿಲ್ಲ. ಸಂಬಂಧ ತಂದುಕೊಟ್ಟದ್ದು ಇದೇ ನಾಲಿಗೆ. "ಮೀನು ಸಾಕೋಕೂ ಒಂದು ಕಲೆ ಬೇಕು. ನಮ್ಮನೇಲಿ ಐದು ತಿಂಗಳಿಂದ ಒಂದೂ ಸತ್ತಿಲ್ಲ," ಅಂತ ಕಾಫಿ ಕುಡಿಯುವಾಗ ನಾನು ಕೊಚ್ಚಿಕೊಂಡಿದ್ದು ಸಾಹೇಬರ ಕಿವಿಗೆ ಬಿತ್ತು. ಕರೆಸಿದರು. "ಏನ್ರೀ, ನಿಮ್ಮ ಸಿಹಿನೀರಿನ ಮೀನನ್ನ ಹಂತಹಂತವಾಗಿ ಉಪ್ಪುನೀರಿಗೆ ಒಗ್ಗಿಸಿ ತನ್ನಿ. ಮೂರು ವಾರ ಟೈಮು." ಸಾರ್, ಮೀನು ಗುಮಾಸ್ತ ಅಲ್ಲ, ಎಲ್ಲಿಗೆ ಹಾಕಿದರೂ ಒಗ್ಗಿಕೊಳ್ಳೋಕೆ, ಅಂತ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಕಾರವಾರದಲ್ಲಿ ಒಂದು ಜಾಗ ಖಾಲಿ ಇದೆಯಂತೆ. ಅಲ್ಲಿ ದಿನಾ ಸಮುದ್ರ ನೋಡಬಹುದು," ಅಂದರು. ಹೆಂಡತಿ ಚೊಚ್ಚಲ ಬಾಣಂತನಕ್ಕೆಂದು ನಂಜನಗೂಡಿನ ತವರಿನಲ್ಲಿದ್ದಳು. ತೆರೆದ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಮನೆ ಅಂದರೆ ಚಾಮರಾಜಪುರಂನ ಎರಡು ಕೋಣೆಯ ಬಾಡಿಗೆ ಮನೆ. ನಾನು, ನಮ್ಮವ್ವ, ಐದು ಕರಿ ಮೀನು. ಮೀನು ಕೊಟ್ಟವರು ಪಕ್ಕದ ಮನೆಯ ಅಂತೋಣಪ್ಪನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಭಾನುವಾರ ಚರ್ಚು, ಮಿಕ್ಕ ಆರು ದಿನ ಮೀನು. ಹಳ್ಳಿ ಬಿಟ್ಟು ಬಂದ ಅವ್ವನಿಗೆ ಹೊತ್ತು ಹೋಗಲಿ ಅಂತ ಕೊಟ್ಟಿದ್ದರು. ಮೊದಲ ದಿನ ಅವ್ವ ತೊಟ್ಟಿಯೊಳಗೆ ಇಣುಕಿ, "ಐದೂ ಸೇರುದ್ರೆ ಒಬ್ಬರ ಸಾರ್ಗೂ ಆಗಕಿಲ್ವಲ್ಲಲಾ," ಅಂದಿದ್ದಳು. ತಿಂಗಳು ಕಳೆಯುವುದರಲ್ಲಿ ಒಂದೊಂದಕ್ಕೂ ಹೆಸರಿಟ್ಟಳು. ಅದರಲ್ಲೊಂದು ಗುಂಡು ಹೊಟ್ಟೆಯದು. ಈ ಜಾತಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಅಂತ ಅಂತೋಣಪ್ಪನವರು ಹೇಳಿದ್ದೇ ತಡ, ಅದು ಅವ್ವನ ಪಾಲಿಗೆ 'ಬಸುರಿ' ಆಯಿತು. ನಂಜನಗೂಡಿನಲ್ಲಿರುವ ಸೊಸೆಗೆ ಮಾಡಲಾಗದ ಉಪಚಾರವನ್ನೆಲ್ಲ ಇದಕ್ಕೆ ಮಾಡುತ್ತಿದ್ದಳು.

ಅಂತೋಣಪ್ಪನವರನ್ನು ಕೇಳಿದೆ. "ಈ ಕರಿ ಮೀನು ಒಗ್ಗುತ್ತೆ ಗೌಡ್ರೆ. ಆದ್ರೆ ದಿನಕ್ಕೆ ಒಂಚೂರೇ ಉಪ್ಪು. ಅವಸರ ಮಾಡಿದ್ರೋ, ಮುಗೀತು. ದಿನಾ ನೀರು ನಾಲಿಗೆ ಮೇಲಿಟ್ಟು ನೋಡ್ತಿರಿ," ಅಂದರು. ಮೀನು ಹೇತ ನೀರನ್ನು ನಾಲಿಗೆಯ ಮೇಲಿಡುವುದೇ! ಮದುವೆ ಮನೆಗಳಲ್ಲಿ ಮರ್ಯಾದೆ ಪಡೆದ ನಾಲಿಗೆಯನ್ನು! ನಾನು ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅಳತೆ ಪ್ರಕಾರ ಉಪ್ಪು ಕದಡಿ ಹುಯ್ದು, ಕೈ ತೊಳೆದುಕೊಂಡು ಹೋಗುತ್ತಿದ್ದೆ. ಕಾಗದದಲ್ಲಿ ಸರಿಯಿದ್ದರೆ ಕೆಲಸ ಸರಿಯಿದ್ದ ಹಾಗೆ ಅನ್ನುವುದು ನಮ್ಮ ಇಲಾಖೆಯ ಪದ್ಧತಿ.

ಮೊದಲ ದಿನ ಉಪ್ಪು ಹಾಕುವುದನ್ನು ಕಂಡು ಅವ್ವ, "ಉಪ್ಪಾಕ್ದೆ, ಸರಿ. ಇನ್ನು ಖಾರ, ಉಣಸೆಹಣ್ಣು ಯಾವಾಗ್ಲಾ?" ಅಂದಳು. ವಿಷಯ ಹೇಳಿದೆ. ಕಾರವಾರದ ಹೆಸರನ್ನೂ ಹೇಳಿದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. "ಬಸುರಿ ಎಂಗಸಿಗೆ ಯಾರಾದ್ರೂ ಉಪ್ಪು ಜಾಸ್ತಿ ಕೊಟ್ಟಾರಾ? ನಿಮ್ ಸಾಯೇಬ ಯಾವೂರ್ ಬೆಪ್ಪನ್ಲಾ? ನೋಡು, ಆ ಬಸುರಿಗೇನಾರಾ ಆದ್ರೆ, ನಿನ್ ಮನೇಲಿ ನಾನು ಒಂದು ತುತ್ತೂ ಉಣ್ಣಕಿಲ್ಲ. ಊರ ಬಸ್ಸು ಅತ್ಬುಡ್ತೀನಿ." ಅವ್ವ ಹೇಳಿದರೆ ಹೇಳಿದ ಹಾಗೇ. ಮೀನು ಬದುಕಿದರೆ ನಾನೂ ಬದುಕಿದೆ. ಸತ್ತರೆ ಅವ್ವ ಊರಿಗೆ, ನಾನು ಕಾರವಾರಕ್ಕೆ.

ಏನಾಶ್ಚರ್ಯ! ಮೂರು ವಾರವೂ ಮೀನುಗಳು ಲವಲವಿಕೆಯಿಂದ ಓಡಾಡಿಕೊಂಡಿದ್ದವು. ಬಸುರಿಯ ಹೊಟ್ಟೆ ಇನ್ನಷ್ಟು ಗುಂಡಗಾಯಿತು. ನನಗಂತೂ ಕೊಂಬು ಬಂತು. ಆಫೀಸಿನಲ್ಲಿ ದಿನಾ ಭಾಷಣ. ತನಿಖೆಯ ದಿನ ಬೆಳಿಗ್ಗೆ, ಮೀನು ಸಾಗಿಸಲು ಪಾತ್ರೆ ಹಿಡಿದು ಬಂದ ಅಂತೋಣಪ್ಪನವರು ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಇನ್ನೊಂದು ಸಲ ಇಟ್ಟುಕೊಂಡರು. "ಏನ್ ಗೌಡ್ರೆ, ಇದು ಅಪ್ಪಟ ಕಾವೇರಿ ನೀರು ಕಣ್ರೀ! ಇವನ್ನ ಈಗ ಸಮುದ್ರಕ್ಕೆ ಬಿಟ್ರೆ ಸಂಜೆಗೆ ಐದಕ್ಕೂ ಪ್ರಾರ್ಥನೆ ಮಾಡ್ಬೇಕಾಗುತ್ತೆ."

ಅವ್ವನ ಕಡೆ ನೋಡಿದೆ. ಅವ್ವ ಅಳುಕಲಿಲ್ಲ. "ನೀನು ಬೆಳಿಗ್ಗೆ ಆಕ್ಬುಟ್ಟು ಓಗ್ತಿದ್ದೆ. ನಾನು ಆ ಕಡೆ ನೀರು ಮೊಗೆದು ಚೆಲ್ಲಿ, ಈ ಕಡೆ ನಲ್ಲಿ ನೀರು ಉಯ್ತಿದ್ದೆ. ನಿನ್ ಮಾತು ಕೇಳ್ಕಂಡು ಬಸುರೀನ ಸಾಯ್ಸಕಾಯ್ತದಾ?" ಅಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗಂಟೆ ಎಂಟೂವರೆ, ಹನ್ನೊಂದಕ್ಕೆ ಡೈರೆಕ್ಟರು.

ಆಗ ಹೊಳೆಯಿತು. ಮೀನು ಸಮುದ್ರಕ್ಕೆ ಒಗ್ಗದಿದ್ದರೇನಂತೆ, ಸಮುದ್ರವನ್ನೇ ಮೀನಿಗೆ ಒಗ್ಗಿಸಿದರಾಯಿತು! ಅಂತೋಣಪ್ಪನವರೂ ನಾನೂ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದೆವು. ಅಷ್ಟು ದೂರದಿಂದ ಬಂದ ಅರಬ್ಬೀ ಸಮುದ್ರವನ್ನು ಬಕೆಟ್ಟಿನಲ್ಲಿ ಹೊತ್ತು ಹಿತ್ತಲ ತೆಂಗಿನ ಮರದ ಬುಡಕ್ಕೆ ಸುರಿದೆವು. ತೊಟ್ಟಿ ತೊಳೆದು, ನಲ್ಲಿ ನೀರು ತುಂಬಿ, ಶಂಖ ಚಿಪ್ಪು ಮೊದಲಿನಂತೆ ಜೋಡಿಸಿ ಮೀನು ಬಿಟ್ಟೆವು. ಸಾಹೇಬರು ಬಂದು ನೋಡಿ ನನ್ನ ಬೆನ್ನು ತಟ್ಟಿದರು.

ಡೈರೆಕ್ಟರು ಬಂದರು. ತೊಟ್ಟಿಯ ಮುಂದೆ ನಿಂತು, "ನಿಜವಾಗ್ಲೂ ಸಮುದ್ರದ ನೀರೇ?" ಅಂದವರು, ಯಾರೂ ಉತ್ತರ ಕೊಡುವ ಮೊದಲೇ ಬೆರಳದ್ದಿ ನಾಲಿಗೆಯ ಮೇಲಿಟ್ಟುಕೊಂಡರು. ನನ್ನ ಕಣ್ಣ ಮುಂದೆ ಕಾರವಾರದ ಅಲೆಗಳು ಎದ್ದವು. ಡೈರೆಕ್ಟರು ಎರಡು ಸಲ ಚಪ್ಪರಿಸಿದರು. ಆಮೇಲೆ ಮುಖ ಸಿಂಡರಿಸಿ, "ಅಬ್ಬಬ್ಬಾ, ಏನು ಉಪ್ಪು!" ಅಂದರು.

ಸಾಹೇಬರು ತಾವೂ ಬೆರಳದ್ದಿದರು. ಅವರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಡೈರೆಕ್ಟರ ಮುಖ ನೋಡಿ, "ಹೌದು ಸಾರ್, ವಿಪರೀತ ಉಪ್ಪು," ಅಂದರು. ಆಮೇಲೆ ಹನ್ನೊಂದು ಮಂದಿ ತೀರ್ಥಕ್ಕೆ ನಿಂತ ಹಾಗೆ ಸಾಲಾಗಿ ಬಂದು ಬೆರಳದ್ದಿದರು. ಒಬ್ಬ ಕಣ್ಣು ಮುಚ್ಚಿದ. ಒಬ್ಬ ಕೆಮ್ಮಿದ. ಇನ್ನೊಬ್ಬ ಮಹಾಶಯ ಹೊರಗೆ ಹೋಗಿ ಉಗಿದೇ ಬಂದ. ಥೂ, ಇವರ ಜನ್ಮಕ್ಕಿಷ್ಟು! ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಡೈರೆಕ್ಟರು, "ಮೀನು ತಂದವರು ನೀವೇ ಅಲ್ವೆ? ನೀವೂ ಹೇಳಿ," ಅಂದರು. ಬೆರಳದ್ದಿದೆ. ನಮ್ಮ ಬೀದಿಯ ನಲ್ಲಿಯ ನೀರು, ಅದೇ ರುಚಿ. ಆದರೆ ನನ್ನ ಮುಖ ನನಗೆ ಗೊತ್ತಿಲ್ಲದೆಯೇ ಕಿವುಚಿಕೊಂಡಿತು. "ಸಾರ್, ಮಂಗಳೂರಿಗಿಂತ ಇಲ್ಲೇ ಒಂದು ಕೈ ಹೆಚ್ಚಾಗಿದೆ!" ಅಂದೆ. ನಾನು ಮಂಗಳೂರನ್ನು ಈವತ್ತಿಗೂ ನೋಡಿಲ್ಲ. ಅದೇ ಹೊತ್ತಿಗೆ ಬಸುರಿ ಶಂಖದ ಹಿಂದೆ ಹೋಗಿ ಮರಿ ಹಾಕತೊಡಗಿದಳು. ಸಮುದ್ರದ ಗುಣ ಅಂತ ಎಲ್ಲರೂ ಒಪ್ಪಿದರು.

ಸಂಜೆ ಬಾಗಿಲಲ್ಲೇ ಕಾಯುತ್ತಿದ್ದ ಅವ್ವನಿಗೆ ಹೆರಿಗೆಯ ಸುದ್ದಿ ಹೇಳಿದೆ. ಬೆಳಗಿನಿಂದ ಅವಳ ಜೀವ ಆ ತೊಟ್ಟಿಯಲ್ಲೇ ಇತ್ತಂತೆ. ದೇವರಿಗೆ ಕೈಮುಗಿದು, ಮುದ್ದೆ ಇಟ್ಟು ಸಾರು ಬಡಿಸಿ ಎದುರಿಗೆ ಕೂತಳು. "ಉಪ್ಪು ಸರ್ಯಾಗದಾ?" ಅಂದಳು. ಅವಳ ಮುಖ ನೋಡಿದೆ. "ಸರಿಯಾಗಿದೆ ಅವ್ವಾ, ಹದವಾಗಿದೆ," ಅಂದು ಎರಡನೆಯ ತುತ್ತು ನುಂಗಿದೆ. ಅವ್ವ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು.

"ಥೂ ನಿನ್ನ! ಬಸುರಿ ಗ್ಯಾನದಲ್ಲಿ ಉಪ್ಪೇ ಆಕಿಲ್ಲ ಕಣ್ಲಾ! ನಾಲಿಗೆ ಎಲ್ ಬುಟ್ಬುಟ್ಟು ಬಂದೆ?"

ಮಾರನೆಯ ದಿನ ದರ್ಜಿಯ ಅಂಗಡಿಗೆ ಹೋಗಿ ಕೋಟಿಗೆ ಗುಂಡಿ ಹಾಕಿಸಿಕೊಂಡೆ.